ತಲೆದೆಸೆಯ ಬಟ್ಟಲು

ಬ್ರಷ್ಷಿನ ಕೂದಲಿಗೆ ಏನೋ ತಡೆಯಿತು, ಮೂಳೆಯಿರಬೇಕು, ಅಲ್ಲ, ಬೇರು, ಒಣಗಿ ಕಬ್ಬಿಣದಂತಾದ ಯಾವುದೋ ಜಾಲಿಯ ಬೇರು, ಇಲ್ಲಿ ಮರವಿದ್ದ ಕಾಲದ್ದು, ಈಗ ಕಣ್ಣು ಹಾಯುವಷ್ಟು ದೂರವೂ ಮರಳು ಬಿಟ್ಟರೆ ಮರಳು, ಬಡಗಣ ಗಾಳಿ ಬೀಸುತ್ತಿದೆ, ಇಲ್ಲಿ ಗುಡಿಸಿದಷ್ಟೂ ಗುಂಡಿಯ ಅಂಚಿನಿಂದ ನುಣ್ಣನೆ ಮರಳು ಜಾರಿ ಜಾರಿ ಇಳಿಯುತ್ತದೆ, ಜರಡಿಯಿಂದ ಹಿಟ್ಟು ಇಳಿದ ಹಾಗೆ — ಹಿಟ್ಟು ಎಂದರೆ ತಾಜ್, ಖಾರ್ತೂಮಿನ ಬ್ರೆಡ್ ಭಟ್ಟಿಗೆ ಕೆಲಸಕ್ಕೆ ಸೇರಿದ ಮೇಲೆ ಹಬ್ಬಕ್ಕೆ ಊರಿಗೆ ಬಂದಾಗಲೂ ಅವನ ಕಿವಿಯ ಹಿಂದೆ ಹಿಟ್ಟು ಇರುತ್ತಿತ್ತು, ಬತೂಲ್ ಸೆರಗಿನ ತುದಿಗೆ ಉಗುಳು ಹಚ್ಚಿ ಒರೆಸುತ್ತಿದ್ದಳು, ಮೀಸೆ ಬಂದ ಮಗನನ್ನು, ಬಿಡವ್ವಾ, ಜನ ನೋಡ್ತಾರೆ, ಅನ್ನುತ್ತಿದ್ದ ತಾಜ್, ಅನ್ನುತ್ತಲೇ ಕತ್ತು ಬಾಗಿಸಿ ಕೊಡುತ್ತಿದ್ದ — ಫಗೀರಿ ಬ್ರಷ್ಷನ್ನು ಎಡಗೈಗೆ ಬದಲಿಸಿಕೊಂಡ. ಬಲಗೈಯನ್ನು ನೋಡಲಾರದೆ ತೊಡೆಯ ಕೆಳಗೆ ಇಟ್ಟುಕೊಂಡ. ಈ ಕೈ. ಬೆಳಿಗ್ಗೆ ಈ ಕೈ ಮಾಡಿದ ಕೆಲಸ.

ತಾನಾಗಿ ಎದ್ದಿತು, ಅವನು ಎತ್ತಲಿಲ್ಲ, ದೋಣಿಕಟ್ಟೆಯ ಹತ್ತಿರ, ಚಳಿ ಇನ್ನೂ ಬಿಟ್ಟಿರಲಿಲ್ಲ, ಜೊತೆ ಕೆಲಸದ ಕರಮಲ್ಲಾನ ಕತ್ತೆ ಮುಂದೆ, ಇವನ ಕತ್ತೆ ಹಿಂದೆ, ಕರಮಲ್ಲಾ ಎಂದಿನಂತೆ ಏನೋ ವಟಗುಟ್ಟುತ್ತಿದ್ದ, ಆಗ ಆಚೆ ದಡದ ಖರ್ಜೂರದ ವ್ಯಾಪಾರಿ ದೋಣಿಯಿಂದ ಇಳಿದವನೇ ನೇರ ಇವನತ್ತ ಬಂದ, ಮುಖ ಇಳಿಬಿಟ್ಟುಕೊಂಡು, ಸಲಾಮಿಲ್ಲ, ಹೇಗಿದ್ದೀಯ ಎಂಬುದಿಲ್ಲ, ಎರಡೂ ಅಂಗೈ ಎದೆಯ ಮುಂದೆ ಬಿಡಿಸಿ ಹಿಡಿದು, ಫಾತಿಹಾ, ಅಂದ. ಸತ್ತವರ ಮನೆಯವನ ಮುಂದೆ ಹಾಗೆ ಕೈ ಬಿಡಿಸುವುದು, ಮನೆಯವನ ಕೈಯೂ ಏಳಬೇಕು, ತುಟಿಯಲ್ಲೇ ಓದಿ ಮುಖ ಸವರಿಕೊಂಡರೆ ಮುಗಿಯಿತು, ಸತ್ತವನು ಸತ್ತ. ಅಪ್ಪನಿಗೆ ಎದ್ದ ಕೈ, ಅವ್ವನಿಗೆ ಎದ್ದ ಕೈ, ಹೊಲದ ಬದುವಿಗಾಗಿ ಜಗಳವಾಡಿ ಮಾತು ಬಿಟ್ಟಿದ್ದ ನೆರೆಯವನಿಗೂ ಎದ್ದ ಕೈ, ಬಾಳೆಲ್ಲ ಎದ್ದು ಎದ್ದು ಅದಕ್ಕೆ ರೂಢಿ, ತಲೆಗೆ ತಿಳಿಯುವ ಮೊದಲು ಅದಕ್ಕೆ ತಿಳಿಯುತ್ತದೆ, ಎದುರಿಗೆ ಅಂಗೈ ಕಂಡಿತು, ಎದ್ದಿತು. ಓದಿದ. ಮುಖ ಸವರಿಕೊಂಡ. ದೇವರು ಸಹನೆ ಕೊಡ್ಲಿ ಫಗೀರಿ, ಎಳೇ ವಯಸ್ಸು, ಯಾರ ತಂಟೆಗೂ ಹೋಗದ ಹುಡುಗ, ಅಂದ ವ್ಯಾಪಾರಿ, ಆಗ ಗೊತ್ತಾಯಿತು ಕೈ ಎದ್ದದ್ದು ಯಾರಿಗೆಂದು, ಗಲ್ಲದ ಮೇಲೆ ಬೆರಳು ಇನ್ನೂ ಇದ್ದವು, ಇಳಿಸುವುದಕ್ಕೆ ಆಗಲಿಲ್ಲ, ಇಳಿಸಿದರೇನು ಬಿಟ್ಟರೇನು. ಎರಡು ಚಳಿಗಾಲ ತಡೆದಿದ್ದ. ಮುಖ ಇಳಿಬಿಟ್ಟುಕೊಂಡು ಯಾರು ಬಂದರೂ ಉದ್ದಂಗಿ ಜಲಾಬಿಯಾದ ಜೇಬಿನಲ್ಲಿ ಕೈ ತುರುಕಿಕೊಂಡು, ನನ್ ಮಗ ಕಾಣ್ತಿಲ್ಲ, ಸತ್ತಿಲ್ಲ, ಅನ್ನುತ್ತಿದ್ದ, ಬತೂಲಳಿಗೆ ಮಾತು ಕೊಟ್ಟಿದ್ದ, ಅವಳು ಮಾತು ಕೊಡಿಸಿಕೊಂಡಿದ್ದಳು, ಊರೆಲ್ಲ ಬಂದು ಚಾಪೆ ಹಾಸಿದ್ರೂ ನೀನು ಮಾತ್ರ ಕೈ ಎತ್ತಬಾರದು ತಾಜನ ಅಪ್ಪಾ, ನೀನು ಎತ್ತಿದ ದಿನ ಅವನು ಹೋದ ಹಾಗೆ, ಅಂದಿದ್ದಳು. ಇವತ್ತು ಕತ್ತೆ ಹತ್ತುವಾಗ ಜೇಬಿನಲ್ಲಿ ಖರ್ಜೂರ ತುಂಬಿಕೊಂಡಿದ್ದ, ಜೇಬಿನಲ್ಲಿ ಕೈಗೆ ಜಾಗವಿರಲಿಲ್ಲ — ಛೇ, ಖರ್ಜೂರದ ಮೇಲೆ ಹಾಕುವುದೇ ಇದನ್ನು.

ಮಾವಾ, ತಲೆ ಕಡೆಯಿಂದ ಬನ್ನಿ, ಕಾಲಿನ ಕಡೆ ಆಮೇಲೆ ನೋಡೋಣ, ಅಂದಳು ರಬಾಬ್, ಗುಂಡಿಯ ಆಚೆ ಬದಿಯಲ್ಲಿ ಹೊಟ್ಟೆಯ ಮೇಲೆ ಮಲಗಿಕೊಂಡು, ಮುಖಕ್ಕೆ ಬಟ್ಟೆ ಸುತ್ತಿ, ಕಣ್ಣು ಮಾತ್ರ ಕಾಣುವಂತೆ. ಊರಲ್ಲಿ ಎಲ್ಲರಿಗೂ ಅವಳು ದಕ್ತೂರಾ, ಸತ್ತವರ ದಕ್ತೂರಾ, ಮೂಳೆ ಓದುವವಳು, ವಿದೇಶದವರು ಹಳೆಯ ಗೋರಿ ಅಗೆಯಲು ಡೇರೆ ಹಾಕಿಕೊಂಡು ಬರುತ್ತಿದ್ದ ಕಾಲದಲ್ಲಿ ಅವರ ಜೊತೆ ಬರುತ್ತಿದ್ದಳು, ಯುದ್ಧ ಶುರುವಾದ ಮೇಲೆ ಅವರು ಬರಲಿಲ್ಲ, ಇವಳು ಒಂದು ಚೀಲ ಹೆಗಲಿಗೆ ಹಾಕಿಕೊಂಡು ಬಂದಳು, ಆಮೇಲೆ ಹೋಗಲಿಲ್ಲ, ಹೋಗುವುದಕ್ಕೆ ಮನೆ ಇರಲಿಲ್ಲ. ಹತ್ತಾರು ವರ್ಷ ಈ ದಿಬ್ಬದಿಂದ ತೆಗೆದು, ಹತ್ತಿಯಲ್ಲಿ ಸುತ್ತಿ, ಪೆಟ್ಟಿಗೆಗೆ ಹಾಕಿ ನಗರಕ್ಕೆ ಕಳಿಸಿದ ಮೂಳೆಗಳೂ ಇಲ್ಲ ಈಗ, ಯಾರೋ ಕಬ್ಬಿಣಕ್ಕೋ ಮರಕ್ಕೋ ಪೆಟ್ಟಿಗೆ ಒಡೆದರಂತೆ, ಎಲ್ಲ ನೆಲದ ಮೇಲೆ ಒಟ್ಟಿಗೆ, ಯಾರ ತೊಡೆ ಯಾರದ್ದೋ, ಯಾರ ಹಲ್ಲು ಯಾರದ್ದೋ, ಫೋಟೋ ಬಂದಿತ್ತು ಅವಳ ಫೋನಿಗೆ, ನೋಡಿ ಎದ್ದು ಹೋಗಿ ಚಹಾದ ಲೋಟ ತೊಳೆದಳು, ತೊಳೆದಿದ್ದನ್ನೇ ಮತ್ತೆ ತೊಳೆದಳು. ಮಾರನೆಯ ದಿನ, ಮಾವಾ, ಕೆಲಸ ಮಾಡೋಣ, ಚಿನ್ನ ಅಗೆಯೋರ ಯಂತ್ರ ದಿಬ್ಬ ಹತ್ತೋದ್ರೊಳಗೆ ಇದೊಂದು ಬದಿ ಆದ್ರೂ ನೋಡೋಣ, ಅಂದಳು. ಯಾಕೆ, ಎಲ್ಲಿಗೆ ಕಳಿಸಲು, ಯಾರಿಗೆ ತೋರಿಸಲು, ಎಂದು ಕೇಳದೆ ಫಗೀರಿ ಬ್ರಷ್ಷು ಎತ್ತಿಕೊಂಡ. ಯಂತ್ರದ ಸದ್ದು ಈಗಲೂ ಕೇಳುತ್ತಿದೆ, ಬಂಡೆಸಾಲಿನ ಆಚೆ, ಗರ್ ಗರ್ ಎಂದು, ನೆಲವನ್ನು ಹಸಿದ ಪ್ರಾಣಿ ಕೆರೆದ ಹಾಗೆ.

ಬಟ್ಟಲು ಮೊದಲು ಸಿಕ್ಕಿತು, ನಿನ್ನೆ. ಬಟ್ಟಲು ಸಿಕ್ಕಿದರೆ ಪಕ್ಕದಲ್ಲೇ ತಲೆ, ಈ ದಿಬ್ಬದಲ್ಲಿ ಮಲಗಿದವರ ಕ್ರಮವೇ ಅದು, ಮಗು ಹೊಟ್ಟೆಯಲ್ಲಿ ಮಲಗಿದ ಹಾಗೆ ಮೊಣಕಾಲು ಮಡಿಸಿ, ಕೈ ಮುಖದ ಹತ್ತಿರ ತಂದು, ಕೆಳಗೆ ಕೆಮ್ಮಣ್ಣು ಹರವಿ, ತಲೆದೆಸೆಯಲ್ಲಿ ಒಂದು ಬಟ್ಟಲು. ಕಪ್ಪು ಮಣ್ಣಿನದು, ಹೊರಗಡೆ ಬಾಚಣಿಗೆ ಹಲ್ಲು ಒತ್ತಿ ಒತ್ತಿ ಎಳೆದ ಗೆರೆ, ಒಂದು ಕಡೆ ಕೈ ತಪ್ಪಿ ಗೆರೆ ಸೊಟ್ಟಗಾಗಿದೆ, ಮಾಡಿದವಳನ್ನು ಯಾರೋ ಕರೆದಿರಬೇಕು. ಆರು ಸಾವಿರ ವರ್ಷ ಅನ್ನುತ್ತಾಳೆ ರಬಾಬ್, ಅವನಿಗೆ ಆರು ಸಾವಿರವೂ ಒಂದೇ ಅಜ್ಜನ ಕಾಲವೂ ಒಂದೇ, ಊರಿನ ಗೋರಿಗಳ ತಲೆದೆಸೆಯಲ್ಲೂ ಬಟ್ಟಲಿದೆ, ಹಬ್ಬದ ಬೆಳಿಗ್ಗೆ ಹೆಂಗಸರು ಹೋಗಿ ನೀರು ತುಂಬಿ ಬರುತ್ತಾರೆ, ಹಕ್ಕಿ ಕುಡಿಯುತ್ತದೆ, ಬಿಸಿಲು ಕುಡಿಯುತ್ತದೆ. ಮನೆ ಹೊಸ್ತಿಲಲ್ಲಿ ಬಟ್ಟಲಿಡುವವಳು ಬತೂಲ್ ಒಬ್ಬಳೇ. ತಾಜನ ಜೊತೆ ಭಟ್ಟಿಯಲ್ಲಿದ್ದವನು ಫೋನು ಮಾಡಿದ ದಿನದಿಂದ ಶುರು — ಚಾಚಾ, ನಲ್ಲಿ ನಿಂತು ವಾರ ಆಗಿತ್ತು, ಹಿಟ್ಟಿತ್ತು, ಕಟ್ಟಿಗೆ ಇತ್ತು, ನೀರಿರ್ಲಿಲ್ಲ, ನಾನು ಹೋಗಿ ಬರ್ತೀನಿ ಅಂತ ಕ್ಯಾನ್ ತಗೊಂಡು ಹೊಳೆಗೆ ಹೋದ, ಎರಡು ಕ್ಯಾನು, ಹಳದೀದು, ಸಂಜೆವರೆಗೂ ಕಾದ್ವಿ, ಗುಂಡಿನ ಸದ್ದು ಕೇಳ್ತಿತ್ತು ಚಾಚಾ, ಯಾರಿಗೂ ಬೀದಿಗಿಳಿಯೋಕೆ ಆಗ್ಲಿಲ್ಲ. ಅಷ್ಟೇ. ನದಿಗೆ ನೀರಿಗೆ ಹೋದ, ಇದೇ ನದಿ, ಇಲ್ಲಿ ಅವನು ಈಜು ಕಲಿತದ್ದು, ಅಲ್ಲಿಂದ ಹರಿದು ಇಲ್ಲಿಗೇ ಬರುವ ನೀರು, ಆ ವಾರ ಫಗೀರಿ ದಿನವೂ ದಡದಲ್ಲಿ ಕೂತ, ಏನು ತೇಲಿ ಬರಬಹುದೆಂದು ಬಾಯಿಬಿಟ್ಟು ಹೇಳಿಕೊಳ್ಳದೆ ಕೂತ, ನಡುವೆ ಇರುವ ಅಣೆಕಟ್ಟು ಏನನ್ನೂ ಬಿಡುವುದಿಲ್ಲ ಎಂದು ಗೊತ್ತಿದ್ದೂ ಕೂತ. ಬತೂಲ್ ಬಿಳಿ ಪಿಂಗಾಣಿ ಬಟ್ಟಲಿಗೆ, ನೀಲಿ ಅಂಚಿನದು, ಮದುವೆಗೆ ಬಂದದ್ದು, ನೀರು ತುಂಬಿ ಹೊಸ್ತಿಲ ಮೇಲಿಟ್ಟಳು. ಅವಳಣ್ಣ ಮಿರ್ಗನಿ ನೋಡಿ, ಇದೇನಮ್ಮಾ, ಗೋರಿ ಮೇಲಿಡೋದನ್ನ ಮನೆ ಬಾಗಿಲಲ್ಲಿ, ಅಪಶಕುನ, ತೆಗಿ, ಅಂದ. ಸತ್ತವರದ್ದು ಅಲ್ಲಿ ಇರತ್ತಣ್ಣಾ, ಇದು ಬದುಕಿರೋನದು, ಬಾಯಾರಿಕೊಂಡು ಬರ್ತಾನಲ್ಲ, ನೀರಿಗೆ ಅಂತ ಹೋದೋನು, ಅಂದಳು. ಹೊಸ್ತಿಲು ದಾಟುವವರೆಲ್ಲ ಅದನ್ನು ಸುತ್ತಿಕೊಂಡು ದಾಟಿದರು, ಕಾಲಕ್ರಮೇಣ ಕೋಳಿಗಳೂ ಕಲಿತವು. ತಾಜನ ಹಗ್ಗದ ಮಂಚದ ಮೇಲೆ ಯಾರನ್ನೂ ಕೂರಿಸಲಿಲ್ಲ. ಊರಿಗೆ ಹೆಣ ಹೊರಲು ಮಂಚ ಬೇಕಾದಾಗಲೂ, ಅದು ಬೇಡ, ನಮ್ದು ತಗೊಂಡು ಹೋಗಿ, ಎಂದು ತಾವು ಮಲಗುವ ಮಂಚವನ್ನೇ ಕೊಟ್ಟಳು, ಅವತ್ತು ಗಂಡ ಹೆಂಡತಿ ನೆಲದಲ್ಲಿ ಮಲಗಿದರು.

ಲೋ ಫಗೀರಿ, ಹೊಟ್ಟೆಗೆ ಬಾರೋ, ಅವನೇನು ಎದ್ದು ಓಡಿಹೋಗಲ್ಲ, ಇಷ್ಟು ದಿನ ಕಾದಿದ್ದಾನೆ, ಒಂದ್ ಗಳಿಗೆ ಕಾಯ್ತಾನೆ, ಕರಮಲ್ಲಾ ಮೇಲಿನಿಂದ ಕೂಗಿದ, ಊರಿಗೆ ಹೋಗಿ ಊಟ ತಂದಿದ್ದಾನೆ, ಎಣ್ಣೆ ಈರುಳ್ಳಿ ಹಾಕಿ ಕಿವುಚಿದ ಫೂಲ್ ಕಾಳು, ದಪ್ಪ ಗೋಧಿರೊಟ್ಟಿ, ಮೂವರೂ ಒಂದೇ ತಟ್ಟೆಗೆ ಕೈ ಹಾಕಿ ಗಾಳಿಗೆ ಬೆನ್ನು ಕೊಟ್ಟು ಕೂತರು. ಕರಮಲ್ಲಾ ಇವತ್ತು ಜಾಸ್ತಿ ಮಾತಾಡುತ್ತಿದ್ದಾನೆ, ಜಾಸ್ತಿ ಮಾತಾಡಿದರೆ ಏನೋ ಮುಚ್ಚಿಡುತ್ತಿದ್ದಾನೆ ಎಂದೇ, ದಕ್ತೂರಾ, ನಾನು ಸತ್ರೆ ನನ್ ಹಲ್ಲು ನೋಡಿ ಏನಂತ ಹೇಳ್ತೀಯಮ್ಮ, ಅಂದ. ಹೊಗೆಸೊಪ್ಪಿನ ಗೋದಾಮು ಅಂತ ಹೇಳ್ತೀನಿ, ಅಂದಳು ರಬಾಬ್. ಇರೋವೇ ನಾಲ್ಕು, ಗೋದಾಮಲ್ಲ, ಗೂಡಂಗಡಿ ಅನ್ನು, ಎಂದು ನಕ್ಕ, ಯಾರೂ ನಗದಿದ್ದಾಗ ನಗು ನಿಲ್ಲಿಸಿ ರೊಟ್ಟಿ ಮುರಿದ. ಹೇಳಿಬಿಡೋ, ಅಂದ ಫಗೀರಿ, ತಟ್ಟೆ ನೋಡುತ್ತ. ನಾನು ಬಾಯಿ ಬಿಟ್ಟಿಲ್ಲ ಮಾರಾಯ, ಮಕ್ಕಳಾಣೆ, ಆ ಖರ್ಜೂರದೋನು ಅಂಗಡಿ ಮುಂದೆ ನಿಂತು ಹೇಳ್ಕೊಂಡು ಹೋಗಿದ್ದಾನೆ, ಫಗೀರಿ ಕೈ ಎತ್ತಿದ, ಕೊನೆಗೂ ಎತ್ತಿದ ಪಾಪ ಅಂತ. ಮಿರ್ಗನಿ ಚಾಪೆ ತೆಗೆಸಿ ಕೊಡವಿಸ್ತಿದ್ದ, ಮಸೀದೀದು ದೊಡ್ಡ ಕೆಟಲ್ ತರ್ಸಿದ್ದಾನೆ, ಇಳಿಹೊತ್ತಿನ ಅಸರ್ ನಮಾಜ್ ಮುಗಿಸ್ಕೊಂಡು ಎಲ್ಲ ನಿಮ್ಮನೆಗೆ ಬರ್ತಾರಂತೆ. ಬತೂಲಳಿಗೆ ಗೊತ್ತಾಯ್ತಾ, ಅಂದ ಫಗೀರಿ. ಕರಮಲ್ಲಾ ಈರುಳ್ಳಿ ಆರಿಸಿ ಬದಿಗಿಟ್ಟ. ಈಗಲೇ ಹೋಗೋ, ಅಂದ ಆಮೇಲೆ, ಸಣ್ಣ ದನಿಯಲ್ಲಿ, ಬೇರೆಯೋರ ಬಾಯಲ್ಲಿ ಕೇಳೋದಕ್ಕಿಂತ ನಿನ್ ಬಾಯಲ್ಲಿ ಕೇಳ್ಲಿ. ಹೋಗಬೇಕು, ಹೌದು, ಕತ್ತೆ ಹತ್ತಿದರೆ ಮಧ್ಯಾಹ್ನದ ಬಾಂಗಿನ ಹೊತ್ತಿಗೆ ಮನೆ, ಹೋಗಿ ಏನು ಹೇಳುವುದು, ಕೈ ತಾನಾಗಿ ಎದ್ದಿತು ಬತೂಲ್, ಅದನ್ನು ನಂಬುತ್ತಾಳೆಯೇ, ಕೈಗೆ ಗೊತ್ತಿದ್ದದ್ದು ನಿನಗೆ ಗೊತ್ತಿರಲಿಲ್ಲವೇ, ಯಾವತ್ತಿನಿಂದ ಗೊತ್ತಿತ್ತು, ಎಂದು ಕೇಳಿದರೆ — ಕೈ ತೊಳೆದುಕೊಂಡು ಮತ್ತೆ ಗುಂಡಿಗೆ ಇಳಿದ. ತಲೆ ಒಂದು ಕಾಣಿಸಲಿ, ಕಂಡಮೇಲೆ ಹೋಗುತ್ತೇನೆ, ಅರ್ಧಕ್ಕೆ ಬಿಟ್ಟು ಹೋಗಬಾರದು, ಬಟ್ಟಲ ಪಕ್ಕದಲ್ಲೇ ಇರಬೇಕು ತಲೆ.

ಇರಲಿಲ್ಲ. ಬಟ್ಟಲ ಎಡಕ್ಕೆ ಗುಡಿಸಿದ, ಕೆಮ್ಮಣ್ಣು ಬಂತು, ಕೆಮ್ಮಣ್ಣಿನ ಮೇಲೆ ಮಣಿ ಬಂದವು, ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪು ಕೊರೆದು ಮಾಡಿದ ಬಿಳಿ ಮಣಿ, ಒಂದರ ಪಕ್ಕ ಒಂದು, ದಾರ ಕೊಳೆತುಹೋದರೂ ಸಾಲು ಕದಡಿಲ್ಲ, ಕೊರಳಿಗೆ ಹಾಕಿದ ಹಾಗೆ ದುಂಡಗೆ, ಒಳಗೆ ಕೊರಳಿಲ್ಲ. ಇನ್ನೂ ಸ್ವಲ್ಪ ಕೆಳಗೆ ಇರಬೇಕು ಮಗಳೇ, ಅಂದ. ಇಲ್ಲ ಮಾವಾ, ಮಣಿ ಮೇಲೆ ಕೊರಳು ಕೆಳಗೆ ಹೇಗಿರತ್ತೆ, ಅಂದಳು, ಆದರೂ ಬೇಡ ಅನ್ನಲಿಲ್ಲ. ಕಾಲಿನ ಕಡೆ ನೋಡಿದ, ಸೊಂಟದ ಕಡೆ ನೋಡಿದ, ಗುಂಡಿ ಮಾತ್ರ ಸರಿಯಾಗಿದೆ, ಮಡಿಸಿಕೊಂಡು ಮಲಗಿದ ಒಬ್ಬನ ಅಳತೆಗೆ ತೆಗೆದದ್ದು, ಗೋಡೆಯಲ್ಲಿ ಅಗೆಗೋಲಿನ ಗುರುತು ಕೂಡ ಹಾಗೇ ಇದೆ. ಪಕ್ಕದ ಗುಂಡಿಯ ಹೆಂಗಸಿಗೆ ಕಿರುಬೆರಳಿನ ಉಗುರಿನಷ್ಟು ಮೂಳೆಯೂ ಉಳಿದಿತ್ತು, ಅದರಾಚೆಯ ಕೂಸಿನ ಎಲೆಯಂಥ ತಲೆಬುರುಡೆ ಉಳಿದಿತ್ತು, ಇವನದ್ದು ಮಾತ್ರ ಕರಗಿತೇ. ಹಲ್ಲು ಕರಗಲ್ಲ, ಹಲ್ಲಾದ್ರೂ ಸಿಗಬೇಕು, ಅಂದ ಫಗೀರಿ, ಕರಣೆ ತೆಗೆದುಕೊಂಡ, ಮಣ್ಣು ಗಟ್ಟಿಯಾಯಿತು, ಬೆಳ್ಳಗಾಯಿತು, ಯಾರೂ ಎಂದೂ ಮುಟ್ಟದ ನೆಲ, ಕೆರೆದ, ಮತ್ತೆ ಕೆರೆದ, ಕರಣೆ ಕಿರ್ರೆಂದಿತು. ಗಟ್ಟಿನೆಲ ಬಂತು ಮಾವಾ, ರಬಾಬ್ ಅಂದಳು. ಸ್ವಲ್ಪ ತಾಳು. ಮಾವಾ. ಅವಳು ಕೆಳಗಿಳಿದು ಬಂದು ಅವನ ಮಣಿಕಟ್ಟು ಹಿಡಿದುಕೊಂಡಳು, ಬಲಗೈಯದು. ಹೆಣ ಕರಗಿದ್ರೆ ಮಣ್ಣು ಕಪ್ಪಾಗತ್ತೆ, ನೋಡಿ, ಬೆಳ್ಳಗಿದೆ, ಇಲ್ಲಿ ಯಾರನ್ನೂ ಇಟ್ಟೇ ಇಲ್ಲ. ಗುಂಡಿ ತೋಡಿದ್ದಾರೆ, ಮಣ್ಣು ಹಾಸಿದ್ದಾರೆ, ಸರ ಇಟ್ಟಿದ್ದಾರೆ, ಬಟ್ಟಲು ಇಟ್ಟಿದ್ದಾರೆ, ಮುಚ್ಚಿದ್ದಾರೆ. ಅಷ್ಟೇ.

ಅಷ್ಟೇ. ಬೇಟೆಗೆ ಹೋಗಿರಬೇಕು, ದನ ಹುಡುಕಿಕೊಂಡು ಹೋಗಿರಬೇಕು, ನೀರಿಗೆ ಹೋಗಿರಬೇಕು, ಬರುತ್ತಾನೆ ಬರುತ್ತಾನೆ ಎಂದು ಎಷ್ಟು ದಿನ ನೋಡಿದರೋ, ಯಾರು ಮೊದಲು ಅಂದರೋ, ಸಾಕು, ಗುಂಡಿ ತೋಡೋಣ ಎಂದು, ಅಪ್ಪನೇ ಇರಬೇಕು, ಅಪ್ಪನ ಕೈಯೇ ಅಗೆಗೋಲು ಎತ್ತಿರಬೇಕು, ತಾಯಿ ಬಟ್ಟಲನ್ನು ಎದೆಗೆ ಒತ್ತಿಕೊಂಡು ಕೊಡಲೊಲ್ಲೆ ಅಂದಿರಬೇಕು, ಸೊಟ್ಟಗೆರೆಯ ಬಟ್ಟಲು, ಅವಳ ಕೈಯದೇ, ಆ ಗೆರೆ ಎಳೆಯುವಾಗ ಅವ್ವಾ ಎಂದು ಕರೆದವನು ಅವನೇ ಇರಬೇಕು — ಆಮೇಲೆ, ಆಮೇಲೇನಾಯಿತು, ಸಮಾಧಾನವಾಯಿತೇ, ಆರು ಸಾವಿರ ವರ್ಷ ಬಟ್ಟಲು ಇಲ್ಲೇ ಕೂತಿತ್ತು, ನೀರು ಹೋಗಿ ಮರಳು ತುಂಬಿತು, ಬರಲಿಲ್ಲ, ಯಾರೂ ಬರಲಿಲ್ಲ, ನಾಳೆ ಯಂತ್ರ ಬರುತ್ತದೆ. ನಮ್ಮಪ್ಪನ್ನ ನಾನೇ ನಗರದ ಮನೆ ಅಂಗಳದ ನಿಂಬೆ ಗಿಡದ ಬುಡದಲ್ಲಿ ಇಟ್ಟೆ ಮಾವಾ, ಅಂದಳು ರಬಾಬ್, ಅವನ ಮಣಿಕಟ್ಟು ಬಿಡದೆಯೇ, ಎಂದೂ ಹೇಳದವಳು, ಸ್ಮಶಾನಕ್ಕೆ ಹೋಗೋ ಹಾಗಿರ್ಲಿಲ್ಲ, ಮೇಲಿಂದ ಬಾಂಬು ಹಾಕ್ತಿದ್ರು, ಅಡುಗೆಮನೆ ಚಾಕು, ತಟ್ಟೆ, ಅದರಲ್ಲೇ ತೋಡಿದ್ದು, ಗುಂಡಿ ಚಿಕ್ಕದಾಯ್ತು, ಉದ್ದಕ್ಕೆ ಹಿಡಿಯಲಿಲ್ಲ, ಮೊಣಕಾಲು ಮಡಿಸಿಟ್ಟೆ, ಇವರ ಹಾಗೇ. ಈಗ ಅಂಗಳಗಳನ್ನೆಲ್ಲ ಅಗೆದು ಹೆಣಗಳನ್ನ ಊರಾಚೆ ಒಯ್ದು ಹಾಕ್ತಿದ್ದಾರಂತೆ, ಹೆಸರಿದ್ರೆ ಹೆಸರು, ಇಲ್ದಿದ್ರೆ ಇಲ್ಲ, ನಮ್ ಬೀದಿ ಆಯ್ತು ಅಂತ ಯಾರೋ ಅಂದ್ರು, ಎಲ್ಲಿಟ್ರು ಅಂತ ಯಾರಿಗೂ ಗೊತ್ತಿಲ್ಲ. ಅವಳು ಮುಖದ ಬಟ್ಟೆ ಸರಿಮಾಡಿಕೊಂಡಳು. ನೀವು ಹೊರಡಿ ಮಾವಾ, ಹೊತ್ತಾಯ್ತು. ಈ ಗುಂಡಿ? ನಾನು ಮುಚ್ತೀನಿ. ಬಟ್ಟಲು? ಅವಳು ನೋಡಿದಳು, ತಲೆಯಾಡಿಸಿದಳು, ಹೂ ಎಂದೋ ಉಹೂ ಎಂದೋ ತಿಳಿಯಲಿಲ್ಲ.

ಕತ್ತೆ ತಾನೇ ನಡೆಯಿತು, ದಾರಿ ಅದಕ್ಕೆ ಗೊತ್ತು, ಮರಳು, ಆಮೇಲೆ ಕಲ್ಲು, ಆಮೇಲೆ ಖರ್ಜೂರದ ಸಾಲು, ಅಸರ್ ಬಾಂಗು ಆಗಿಹೋಗಿದೆ, ನೆರಳು ಉದ್ದವಾಗಿದೆ, ಮನೆ ಮುಂದೆ ಚಪ್ಪಲಿಗಳು, ರಾಶಿ ಚಪ್ಪಲಿ, ಗೋಡೆಯ ನೆರಳಿಗೆ ಚಾಪೆ ಹಾಸಿ ಗಂಡಸರು ಕೂತಿದ್ದಾರೆ, ಇವನನ್ನು ಕಂಡು ಎಲ್ಲರೂ ಎದ್ದರು, ಮಿರ್ಗನಿ ಮುಂದೆ, ಅಂಗೈ ಬಿಡಿಸಿ, ಎಲ್ಲರ ಅಂಗೈ ಒಟ್ಟಿಗೆ, ಎಷ್ಟೊಂದು ಖಾಲಿ ಅಂಗೈ — ಫಗೀರಿ ಹೊಸ್ತಿಲು ನೋಡಿದ. ಬಟ್ಟಲಿಲ್ಲ. ಕಲ್ಲಿನ ಮೇಲೆ ದುಂಡನೆಯ ಗುರುತು, ಎರಡು ಚಳಿಗಾಲ ಅಲ್ಲೇ ಕೂತಿದ್ದರ ಗುರುತು, ಅಷ್ಟು ಮಾತ್ರ ಧೂಳಿಲ್ಲ. ಎಲ್ಲಿ ಅವಳು, ಅಂದ. ಹೆಂಗಸರು ತಡೆದ್ರು ಭಾವ, ಕೇಳ್ಲಿಲ್ಲ, ಅಂದ ಮಿರ್ಗನಿ, ಕೈ ಇನ್ನೂ ಇಳಿಸದೆ, ಯಾರೋ ಬಂದು ಹೇಳಿದಾಗ ರೊಟ್ಟಿ ತಟ್ತಿದ್ಳಂತೆ, ಎದ್ದು ಕೈ ತೊಳ್ಕೊಂಡು ಬಟ್ಟಲು ಎತ್ಕೊಂಡು ಹೋದ್ಳು, ಒಂದ್ ಹನಿ ಚೆಲ್ಲದ ಹಾಗೆ. ಎಲ್ಲಿಗೆಂದು ಕೇಳುವುದು ಬೇಕಿರಲಿಲ್ಲ. ಊರಿನ ಗೋರಿಗಳು ಬೇಲಿಯಾಚೆಯೇ, ಬಿಳಿ ಬೆಣಚುಕಲ್ಲು ಹೊದಿಸಿದ ದಿಣ್ಣೆಗಳು, ಅವನ ಅಪ್ಪ, ಅವ್ವ, ಅಣ್ಣ, ಅಣ್ಣನ ಪಕ್ಕದಲ್ಲಿ ಇವನಿಗೆಂದು ಬಿಟ್ಟ ಜಾಗ, ಆ ಜಾಗದಲ್ಲಿ ಬತೂಲ್ ಕೂತಿದ್ದಾಳೆ, ಬಟ್ಟಲು ಮಡಿಲಲ್ಲಿ. ತಿರುಗಿ ನೋಡಲಿಲ್ಲ. ಕೈ ಎತ್ತಿದೆಯಂತೆ, ಅಂದಳು. ತಾನಾಗಿ ಎದ್ದಿತು ಕಣೇ. ಗೊತ್ತು, ಅಂದಳು, ನನ್ ಕೈನೂ ಎಷ್ಟು ಸಲ ಏಳಕ್ಕೆ ಹೋಗಿತ್ತು, ಹಿಟ್ಟಿನ ಪಾತ್ರೇಲಿ ಅದುಮಿಟ್ಕೊಂಡು ಕೂತಿರ್ತಿದ್ದೆ, ನೀನು ಎತ್ತಿಲ್ವಲ್ಲ, ನೀನು ಎತ್ತಿಲ್ವಲ್ಲ ಅಂದ್ಕೊಂಡು. ಬೈಯಲಿಲ್ಲ, ಬೈದಿದ್ದರೆ, ಬೈಯಲಿ ಎಂದೇ ಬಂದಿದ್ದ, ಬೈಯುವಷ್ಟು ಉಳಿದಿಲ್ಲ ಅವಳಲ್ಲಿ. ಬರಿಯ ನೆಲ, ಗಾಳಿ ಎಳೆದ ಸಣ್ಣ ಗೆರೆಗಳು, ಅವಳು ಅಂಗೈಯಿಂದ ಒಂದಿಷ್ಟು ಮರಳನ್ನು ಸವರಿ ಮಟ್ಟ ಮಾಡಿದಳು, ಕಿವಿಯ ಹಿಂದಿನ ಹಿಟ್ಟು ಒರೆಸಿದ ಹಾಗೆ, ಬಟ್ಟಲನ್ನು ಈ ಕೊನೆಗೆ ತಂದಳು, ಇಡಲಿಲ್ಲ, ಆ ಕೊನೆಗೆ ಒಯ್ದಳು, ಇಡಲಿಲ್ಲ. ತಾಜನ ಅಪ್ಪಾ, ನೀನು ದಿನಾ ಇದೇ ಕೆಲಸ ಮಾಡೋನು, ಹೇಳು, ತಲೆ ಯಾವ ಕಡೆ ಬರತ್ತೆ? ಬಾಯಿ ತೆರೆದ. ಬಟ್ಟಲಿದ್ದಲ್ಲಿ ತಲೆ, ತಲೆಯಿದ್ದಲ್ಲಿ ಬಟ್ಟಲು, ಗಾಳಿಗೆ ನೀರು ನಡುಗುತ್ತಿದೆ, ಅಂಚು ನೀಲಿ, ಒಂದು ಮರಳಿನ ಕಣ ಬಿತ್ತು, ಇನ್ನೊಂದು ಬಿತ್ತು, ಅವಳ ಎರಡು ಕೈಯ ನಡುವೆ, ನೆಲಕ್ಕೆ ತಾಗದೆ, ಬಟ್ಟಲು, ತಲೆದೆಸೆ ಯಾವುದು, ಬಟ್ಟಲು, ತುಂಬಿದ ಬಟ್ಟಲು